ರಿವರ್ಸ್ ಹಿಡೀತಾ ಇಲ್ಲ ಅಂದ್ರೆ ಗೇರ್‌ಬಾಕ್ಸ್ ಬಿಚ್ಚಲೇಬೇಕಾ?

ಪ್ರಶ್ನೆ (ಗೋವಾದ ಪಾಲೋಲೆಂ, ಟೂರಿಸ್ಟ್ ಬೋಟ್ ಓಡಿಸುವವನು):
ಅಣ್ಣಾ, ನಮಸ್ಕಾರ. ನಾನು ಅಂಕೋಲೆಯವನು, ಇಲ್ಲಿ ಜನರನ್ನು ಬಟರ್‌ಫ್ಲೈ ಬೀಚಿಗೆ, ಡಾಲ್ಫಿನ್ ನೋಡೋಕೆ ಕರೆದೊಯ್ಯೋ ಬೋಟ್ ಓಡಿಸ್ತೀನಿ. 40 ಎಚ್‌ಪಿ ಟು-ಸ್ಟ್ರೋಕ್ ಔಟ್‌ಬೋರ್ಡ್ (ಬೋಟಿನ ಹಿಂದೆ ಹೊರಗಡೆ ಕೂರಿಸೋ ಇಂಜಿನ್), ಸ್ಟಿಯರಿಂಗ್ ಪಕ್ಕ ಒಂದೇ ಲಿವರ್, ಗೇರ್ ಆಕ್ಸಿಲರೇಟರ್ ಎರಡೂ ಅದರಲ್ಲೇ. ಮಳೆಗಾಲಕ್ಕೆ ಮೇಲೆಳೆದು ಇಟ್ಟಿದ್ದೆ. ಚೌತಿ ಮುಗಿಸಿ ಬಂದು ಇಂಪೆಲ್ಲರ್ (ಇಂಜಿನ್ ತಂಪು ಮಾಡೋ ನೀರಿನ ಪಂಪಿನ ರಬ್ಬರ್ ಚಕ್ರ) ಬದಲಿಸಿ ನೀರಿಗಿಳಿಸಿದೆ. ಅವತ್ತಿಂದ ಲಿವರ್ ಕಲ್ಲಿನ ಹಾಗೆ ಗಟ್ಟಿ. ಫಾರ್ವರ್ಡ್ ಹೇಗೋ ಬೀಳುತ್ತೆ. ರಿವರ್ಸ್ ಹಾಕಿದ್ರೆ ಗರಗರ ಅಂತದೆ, ಹಿಡೀದೇ ಇಲ್ಲ. ನ್ಯೂಟ್ರಲ್‌ನಲ್ಲಿ ನಿಲ್ಲಿಸಿದ್ರೂ ಬೋಟು ಮೆಲ್ಲಗೆ ಮುಂದೆ ಹೋಗ್ತದೆ. ಮತ್ತೆ ಒಂದೊಂದ್ಸಲ ಚಾವಿ ತಿರುಗಿಸಿದ್ರೆ ಸೆಲ್ಫ್ ಹೊಡೆಯೋದಿಲ್ಲ, ಲಿವರ್ ಅಲ್ಲಾಡಿಸಿದ್ರೆ ಹೊಡೀತದೆ. ಇಲ್ಲಿ ತೋರಿಸಿದ್ರೆ "ಕೆಳಗಿನ ಗೇರ್‌ಬಾಕ್ಸ್ ಹೋಗಿದೆ, ಪೂರಾ ಬಿಚ್ಚಬೇಕು" ಅಂದರು. ಸೀಸನ್ ಈಗಷ್ಟೇ ಶುರು. ಏನು ಮಾಡಲಿ?

ಉತ್ತರ (ಔಟ್‌ಬೋರ್ಡ್ ಮೆಕ್ಯಾನಿಕ್, ಬೇತುಲ್):
ತಮ್ಮಾ, ಗೇರ್‌ಬಾಕ್ಸಿಗೆ ಸ್ಪ್ಯಾನರ್ ಹಚ್ಚಬೇಡ, ಹಚ್ಚೋಕೂ ಬಿಡಬೇಡ. ನೀನು ಹೇಳಿದ್ದರಲ್ಲೇ ಅರ್ಧ ಉತ್ತರ ಇದೆ. ಇಂಪೆಲ್ಲರ್ ಬದಲಿಸುವ ಮುಂಚೆ ಗೇರ್ ಸರಿ ಇತ್ತು, ಆಮೇಲೆ ಕೆಟ್ಟಿತು. ಮೇಲೆಳೆದು ಇಟ್ಟ ಇಂಜಿನ್ನಿನ ಗೇರಿನ ಹಲ್ಲು ತಾನಾಗಿ ಸವೆಯೋದಿಲ್ಲ.

ಒಳಗೆ ಏನಿದೆ ಅಂತ ಮೊದಲು ಹೇಳ್ತೀನಿ, ಆಗ ಯಾರೂ ನಿನ್ನನ್ನು ಹೆದರಿಸೋಕೆ ಆಗೋದಿಲ್ಲ. ಇಂಜಿನ್ನಿಂದ ಕೆಳಗಿಳಿಯುವ ಶಾಫ್ಟಿನ ತುದಿಗೆ ಒಂದು ಸಣ್ಣ ಗೇರು, ಪಿನಿಯನ್. ಅದಕ್ಕೆ ಮುಂದೊಂದು ಹಿಂದೊಂದು ಗೇರು ಸದಾ ಕಚ್ಚಿಕೊಂಡೇ ಇರ್ತವೆ, ಇಂಜಿನ್ ಓಡುತ್ತಿರುವಾಗ ಎರಡೂ ಒಂದಕ್ಕೊಂದು ವಿರುದ್ಧ ದಿಕ್ಕಿಗೆ ತಿರುಗ್ತಾನೇ ಇರ್ತವೆ. ನಡುವೆ ಫ್ಯಾನಿನ (ಪ್ರೊಪೆಲ್ಲರಿನ) ಶಾಫ್ಟ್ ಮೇಲೆ ಜಾರುವ ಒಂದು ತುಂಡು, ಡಾಗ್ ಕ್ಲಚ್. ಅದು ಮುಂದಿನ ಗೇರಿಗೆ ಸಿಕ್ಕಿಕೊಂಡರೆ ಫಾರ್ವರ್ಡ್, ಹಿಂದಿನದಕ್ಕೆ ಸಿಕ್ಕಿಕೊಂಡರೆ ರಿವರ್ಸ್, ನಡುವೆ ನಿಂತರೆ ನ್ಯೂಟ್ರಲ್. ಕಾರಿನ ಹಾಗೆ ಮೆತ್ತಗೆ ಕೂಡಿಸುವ ವ್ಯವಸ್ಥೆ ಇಲ್ಲಿಲ್ಲ. ಹಲ್ಲಿಗೆ ಹಲ್ಲು ಟಕ್ ಅಂತ ಬೀಳಬೇಕು. ಆ ಡಾಗನ್ನು ತಳ್ಳೋದು ಶಿಫ್ಟ್ ರಾಡು, ರಾಡನ್ನು ಮೇಲೆ ಕೆಳಗೆ ಮಾಡೋದು ಮೇಲಿನ ಲಿಂಕ್, ಲಿಂಕನ್ನು ಎಳೆಯೋದು ನಿನ್ನ ಲಿವರಿನ ಕೇಬಲ್. ಈ ಸರಪಳಿಯಲ್ಲಿ ಎಲ್ಲಿ ಎಡವಟ್ಟಾದರೂ ಡಾಗ್ ಪೂರ್ತಿ ಹೋಗಿ ಕೂರೋದಿಲ್ಲ. ಆಗ ಗರಗರ.

ಇಂಪೆಲ್ಲರ್ ಬದಲಿಸಬೇಕಾದರೆ ಕೆಳಗಿನ ಭಾಗ ಇಳಿಸಬೇಕು, ಇಳಿಸಬೇಕಾದರೆ ಶಿಫ್ಟ್ ರಾಡಿನ ಜೋಡಣೆ ಕಳಚಬೇಕು. ಈ ನಮೂನೆಯ ಇಂಜಿನ್ನುಗಳಲ್ಲಿ ಮೇಲಿನ ರಾಡು, ಕೆಳಗಿನ ರಾಡು ಕೂಡುವಲ್ಲಿ ಥ್ರೆಡ್ ಇರುವ ಒಂದು ಕನೆಕ್ಟರ್, ಅದಕ್ಕೆ ಲಾಕ್‌ನಟ್. ಮತ್ತೆ ಹಾಕುವಾಗ ಮೇಲೂ ಕೆಳಗೂ ಒಂದೇ ಗೇರಿನಲ್ಲಿರಬೇಕು, ಕನೆಕ್ಟರ್ ಮೊದಲಿನಷ್ಟೇ ಸುತ್ತು ಏರಬೇಕು. ಎರಡು ಸುತ್ತು ಹೆಚ್ಚು ಕಡಿಮೆ ಆದರೆ ನ್ಯೂಟ್ರಲ್ ನಡುವಲ್ಲಿ ಉಳಿಯದೆ ಫಾರ್ವರ್ಡ್ ಕಡೆ ವಾಲುತ್ತದೆ. ಬೋಟು ತೆವಳೋದು, ರಿವರ್ಸ್ ಅರ್ಧಕ್ಕೇ ನಿಲ್ಲೋದು, ಎರಡೂ ಇದೇ ಲಕ್ಷಣ. ಸೆಲ್ಫ್ ಹೊಡೆಯದ್ದೂ ಬಹುಶಃ ಅದರ ಮಗನೇ. ಗೇರಿನಲ್ಲಿದ್ದಾಗ ಸ್ಟಾರ್ಟ್ ಆಗದಂತೆ ನ್ಯೂಟ್ರಲ್ ಸ್ವಿಚ್ ಇರ್ತದೆ, ನ್ಯೂಟ್ರಲ್ ಜಾಗ ತಪ್ಪಿದರೆ ಸ್ವಿಚ್ಚಿಗೆ ಗೊತ್ತಾಗೋದಿಲ್ಲ. (ಗೇರ್ ಎಣ್ಣೆಯ ಎಳೆತಕ್ಕೆ ನ್ಯೂಟ್ರಲ್‌ನಲ್ಲೂ ಫ್ಯಾನು ಸ್ವಲ್ಪ ಸುತ್ತಬಹುದು, ಅದು ದೋಷ ಅಲ್ಲ. ಬೋಟೇ ಹೊರಟರೆ ದೋಷ.)

ಈಗ ಪರೀಕ್ಷೆ. ಬೋಟನ್ನು ದಡಕ್ಕೆಳೆದುಕೊ. ಇಂಜಿನ್ ಬಂದ್, ಕಿಲ್ ಸ್ವಿಚ್ಚಿನ (ಇಂಜಿನ್ ತಕ್ಷಣ ಆರಿಸುವ ಸ್ವಿಚ್ಚಿನ) ಹಗ್ಗ ತೆಗೆ, ಪ್ಲಗ್ಗಿನ ಕ್ಯಾಪುಗಳನ್ನೂ ಕಿತ್ತಿಡು. ಫ್ಯಾನಿಗೆ ಕೈ ಹಾಕುವ ಮುಂಚೆ ಇದು ಕಡ್ಡಾಯ. ಇಂಜಿನ್ನಿನ ಹತ್ತಿರ ಗೇರ್ ಕೇಬಲ್ಲಿನ ತುದಿ ಕಳಚು. ಲಿಂಕನ್ನು ಕೈಯಿಂದಲೇ ಮುಂದೆ ಹಿಂದೆ ಮಾಡು, ಇನ್ನೊಬ್ಬ ಆ ಹೊತ್ತಿಗೆ ಫ್ಯಾನನ್ನು ನಿಧಾನ ತಿರುಗಿಸ್ತಿರಲಿ. ಫ್ಯಾನು ತಿರುಗದಿದ್ದರೆ ಹಲ್ಲಿಗೆ ಹಲ್ಲು ತಾಗಿ ಡಾಗ್ ಹೋಗೋದಿಲ್ಲ, ಅದನ್ನೇ ಎಷ್ಟೋ ಜನ ಗೇರ್ ಜಾಮ್ ಅಂತಾರೆ. ಗೇರು ಹಿಡಿದಾಗ ಫ್ಯಾನು ಬಿಗಿಯಾಗಬೇಕು. ಕೆಲವು ಇಂಜಿನ್ನುಗಳಲ್ಲಿ ಫಾರ್ವರ್ಡಿಗೆ ಒಂದು ಕಡೆ ಕಟಕಟ ಅಂತ ತಿರುಗಿ ಇನ್ನೊಂದು ಕಡೆ ಮಾತ್ರ ಬಿಗಿಯಾಗುತ್ತದೆ.

ಕೈಯಿಂದ ಸಲೀಸಾಗಿ ಬಿದ್ದರೆ ಗಟ್ಟಿತನ ಇರೋದು ಕೇಬಲ್ಲಿನಲ್ಲಿ ಅಥವಾ ಲಿವರ್ ಪೆಟ್ಟಿಗೆಯಲ್ಲಿ. ಕೈಗೂ ಗಟ್ಟಿ ಅನ್ನಿಸಿದರೆ ಮಾತ್ರ ಕೆಳಗೆ ನೋಡುವ ಮಾತು. ಮಾಡಿ ಹೇಳು.

ನಡುವೆ ಒಬ್ಬರು (ಚಾಪೋರಾ):
ಕೇಬಲ್ ಗಟ್ಟಿಯಾದರೆ ನಾವು ತುದಿಯಿಂದ ಡೀಸೆಲ್ ಬಿಟ್ಟು ಎಳೆದಾಡ್ತೀವಿ, ಸಡಿಲ ಆಗ್ತದೆ.

ಉತ್ತರ:
ನಾಲ್ಕು ದಿನ ಸಡಿಲ ಇರ್ತದೆ ಅಣ್ಣಾ, ನಾನೂ ಮೊದಮೊದಲು ಮಾಡಿದ್ದೇನೆ. ಒಳಗಿನ ತಂತಿಗೆ ಉಪ್ಪು ನೀರು ಹೋಗಿ ತುಕ್ಕು ಉಬ್ಬಿದೆ, ಡೀಸೆಲ್ ತುಕ್ಕನ್ನು ಕರಗಿಸೋದಿಲ್ಲ. ಅದು ತುಂಡಾಗೋದು ನೀವು ಜೋರಾಗಿ ಎಳೆದಾಗ, ಜೋರಾಗಿ ಎಳೆಯೋದು ಎದುರಿಗೆ ಬಂಡೆ ಕಂಡಾಗ. ಕೇಬಲ್ ಬದಲಿಸಿ. ಹಳೆಯದರ ಅಳತೆಯದೇ ತನ್ನಿ, ಮೂಲೆಗಳಲ್ಲಿ ಮಡಚಬೇಡಿ, ದೊಡ್ಡ ಬಳಸಿನಲ್ಲಿ ತನ್ನಿ. ಹೊಸ ಕೇಬಲ್ಲನ್ನೇ ಬಿಗಿ ತಿರುವಿನಲ್ಲಿ ಕೂರಿಸಿ "ಇದೂ ಗಟ್ಟಿ" ಅನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ.

ಇನ್ನೊಂದು ಪ್ರಶ್ನೆ (ಜುವಾರಿ ಹೊಳೆಯಲ್ಲಿ ಮೀನು ಹಿಡಿಯುವವರು):
ನಮ್ಮದು ಬೇರೆ ತೊಂದರೆ. ಗೇರು ಸರಿಯಾಗಿ ಬೀಳ್ತದೆ. ಬಲೆ ತುಂಬಿಕೊಂಡು ಬರುವಾಗ ಆಕ್ಸಿಲರೇಟರ್ ಕೊಟ್ಟರೆ ಇಂಜಿನ್ ಕಿರುಚ್ತದೆ, ದೋಣಿ ಹೋಗೋದಿಲ್ಲ. ಕಮ್ಮಿ ಮಾಡಿದ್ರೆ ಮತ್ತೆ ಹೋಗ್ತದೆ. ಇದೂ ಡಾಗ್ ಸವೆದದ್ದೇನಾ?

ಉತ್ತರ:
ಟಕ್ ಟಕ್ ಅಂತ ಹೊಡೆತ ಕೇಳ್ತದಾ, ಇಲ್ಲ ಸದ್ದಿಲ್ಲದೆ ಜಾರ್ತದಾ? ಅದರ ಮೇಲೆ ನಿಂತಿದೆ. ಸದ್ದಿಲ್ಲದೆ ಜಾರಿದರೆ ಫ್ಯಾನಿನ ಒಳಗಿನ ರಬ್ಬರ್ ಬುಶ್ ಬಿಟ್ಟಿದೆ. ಫ್ಯಾನು ಕಳಚಿ, ಒಳಗಿನ ಹಿತ್ತಾಳೆ ಕೊಳವೆಯಿಂದ ಹೊರಗಿನ ಭಾಗಕ್ಕೆ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಹಾಕಿ ಒಂದು ಸುತ್ತು ಓಡಿಸಿ ಬಂದು ನೋಡಿ. ಗೆರೆ ತುಂಡಾಗಿ ಆಚೀಚೆ ಆಗಿದ್ದರೆ ಬುಶ್ಶೇ, ಗೇರ್‌ಬಾಕ್ಸ್ ಮುಟ್ಟಬೇಡಿ. ಫ್ಯಾನು ತೆಗೆದಾಗ ಶಾಫ್ಟಿಗೆ ತಂಗೂಸಿ (ಗಾಳದ ನೈಲಾನ್ ದಾರ) ಸುತ್ತಿದೆಯಾ ನೋಡಿ. ಅದು ಸೀಲನ್ನು ಕೊಯ್ದು ಒಳಗೆ ನೀರು ಬಿಡ್ತದೆ.

ಫಾರ್ವರ್ಡಿನಲ್ಲಿ ಭಾರ ಬಿದ್ದಾಗ ಧಡ್ ಧಡ್ ಅಂತ ಹಾರಿ ಹಾರಿ ಬಿದ್ದರೆ ಮಾತ್ರ, ಕೇಬಲ್ ಅಳತೆ ಸರಿ ಇದೆಯಾ ನೋಡಿ, ಆಮೇಲೆ ಡಾಗ್ ಮತ್ತು ಗೇರಿನ ಹಲ್ಲು ಉರುಟಾಗಿದೆ ಅಂತ ತಿಳಿಯಿರಿ. ಹಾಗೆ ಓಡಿಸಿಕೊಂಡು ಹೋಗಬೇಡಿ. ಉದುರಿದ ಚೂರು ಬೇರಿಂಗಿಗೆ ಹೋಗ್ತದೆ, ಆಮೇಲೆ ಉಳಿಸೋಕೆ ಏನೂ ಇರೋದಿಲ್ಲ. ಅಳಿವೆಯಲ್ಲಿ ಇಳಿತದ ಹೊತ್ತಿಗೆ ಗೇರು ಹಾರಿದರೆ ದೋಣಿ ಅಲೆಗೆ ಅಡ್ಡ ತಿರುಗ್ತದೆ. ಒಳಗೆ ಎಷ್ಟು ಜನ ಇರ್ತೀರಿ ಯೋಚಿಸಿ.

ಗೇರ್ ಎಣ್ಣೆ ಕೆಳಗಿನ ಸ್ಕ್ರೂ ತೆಗೆದು ಇಳಿಸಿ ನೋಡಿ. ಹಾಲಿನ ಹಾಗೆ ಬೆಳ್ಳಗಿದ್ದರೆ ನೀರು ಹೊಕ್ಕಿದೆ. ಬೆರಳಿಗೆ ಚೂರು ಸಿಕ್ಕಿದರೆ ಬಿಚ್ಚೋದೇ. ತುಂಬುವಾಗ ಕೆಳಗಿನ ತೂತಿನಿಂದಲೇ ತುಂಬಿ, ಮೇಲಿನ ತೂತಿನಲ್ಲಿ ಗುಳ್ಳೆ ನಿಂತು ಎಣ್ಣೆ ಬರುವ ತನಕ. ಮೊದಲು ಮೇಲಿನ ಸ್ಕ್ರೂ, ಆಮೇಲೆ ಕೆಳಗಿನದು. ವಾಶರ್ ಹೊಸದು. ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ರಜೆಗೆ ದೋಣಿ ಕಟ್ಟುವ ದಿನವೇ ಇದನ್ನು ಮಾಡಿ, ಆಗಸ್ಟಿಗೆ ಕಾಯಬೇಡಿ. ಒಳಗಿನ ನೀರು ಎರಡು ತಿಂಗಳು ಬೇರಿಂಗನ್ನು ತಿನ್ನುತ್ತಾ ಕೂರ್ತದೆ.

ಪಾಲೋಲೆಂನಿಂದ ಮತ್ತೆ:
ಅಣ್ಣಾ, ಮಾಡಿದೆ. ಕೇಬಲ್ ಕಳಚಿದ ಮೇಲೆ ಲಿಂಕ್ ಬೆಣ್ಣೆ ಹಾಗೆ ಆಡ್ತದೆ. ಆದರೆ ಫಾರ್ವರ್ಡ್ ಸ್ವಲ್ಪ ತಳ್ಳಿದ್ರೇ ಬೀಳ್ತದೆ, ರಿವರ್ಸ್ ಕೊನೇತನಕ ಎಳೆದ್ರೂ ಅರ್ಧ ಹಿಡಿದ ಹಾಗೆ. ಕೇಬಲ್ ಒಂದನ್ನೇ ಲಿವರಿಂದ ಎಳೆದು ನೋಡಿದೆ, ಅದೇ ಗಟ್ಟಿ. ಎಣ್ಣೆ ಸ್ವಚ್ಛ ಇದೆ, ಚೂರಿಲ್ಲ.

ಉತ್ತರ:
ನೋಡು, ಎರಡು ರೋಗ ಒಟ್ಟಿಗೆ ಬಂದಿವೆ. ಗಟ್ಟಿಗೆ ಕೇಬಲ್, ರಿವರ್ಸಿಗೆ ಕನೆಕ್ಟರ್. ಗೇರ್‌ಬಾಕ್ಸ್ ಚೆನ್ನಾಗಿದೆ.

ಮೊದಲು ಕನೆಕ್ಟರ್. ಲಾಕ್‌ನಟ್ ಸಡಿಲಿಸಿ ಒಂದೊಂದೇ ಸುತ್ತು ಬದಲಿಸುತ್ತಾ ಹೋಗು. ಫಾರ್ವರ್ಡಿಗೆ ಎಷ್ಟು ದೂರವೋ ರಿವರ್ಸಿಗೂ ಅಷ್ಟೇ ದೂರ, ನಡುವೆ ಫ್ಯಾನು ಎರಡೂ ಕಡೆ ಸಲೀಸಾಗಿ ತಿರುಗಬೇಕು. ಆಮೇಲೆ ಹೊಸ ಕೇಬಲ್. ಲಿವರ್ ನ್ಯೂಟ್ರಲ್, ಇಂಜಿನ್ ನ್ಯೂಟ್ರಲ್, ಕೇಬಲ್ ತುದಿ ಎಳೆಯದೆ ತಳ್ಳದೆ ತಾನಾಗಿ ಪಿನ್ನಿಗೆ ಕೂರುವ ಹಾಗೆ ತುದಿಯನ್ನು ತಿರುಗಿಸಿ ಹೊಂದಿಸು. ತುದಿ ಥ್ರೆಡ್ಡಿಗೆ ಕನಿಷ್ಠ 8 ಮಿಲಿಮೀಟರ್ ಏರಿರಲಿ, ತುದಿಯಲ್ಲಿ ನೇತಾಡಿಸಬೇಡ. ಸ್ಪ್ಲಿಟ್ ಪಿನ್ ಹೊಸದು ಹಾಕು. ಪರೀಕ್ಷೆಗೆ ಇಂಜಿನ್ನನ್ನು ದಡದಲ್ಲಿ ನೀರಿಲ್ಲದೆ ಓಡಿಸಬೇಡ, ಹೊಸ ಇಂಪೆಲ್ಲರ್ ಸುಟ್ಟು ಹೋಗ್ತದೆ.

ಇನ್ನು ಲಿವರ್ ಹಾಕುವ ರೀತಿ. ಪ್ರವಾಸಿಗರಿಗೆ ಕುಲುಕಬಾರದು ಅಂತ ಮೆಲ್ಲಗೆ, ಪ್ರೀತಿಯಿಂದ ಹಾಕ್ತೀಯಲ್ಲ, ಅದು ಹಲ್ಲನ್ನು ಅರೆಯೋ ಕೆಲಸ. ಆಕ್ಸಿಲರೇಟರ್ ಪೂರ್ತಿ ಇಳಿಸು, ಇಂಜಿನ್ ಐಡಲಿಗೆ ಬರಲಿ, ಆಮೇಲೆ ಒಂದೇ ಏಟಿಗೆ ಟಕ್. ಐಡಲ್ ಹೆಚ್ಚಿದ್ದರೂ ಗರಗರ ಬರ್ತದೆ, ಪುಸ್ತಕದಲ್ಲಿ ಹೇಳಿದಷ್ಟಕ್ಕೆ ಇಳಿಸು.

ಪಾಲೋಲೆಂನಿಂದ, ಮೂರನೇ ದಿನ:
ಕನೆಕ್ಟರ್ ಎರಡೂವರೆ ಸುತ್ತು ಆಚೆ ಇತ್ತು ಅಣ್ಣಾ. ಕೇಬಲ್ ಮಡಗಾಂವಿಂದ ತರಿಸಿ ಹಾಕಿದೆ. ಬೆಳಗ್ಗೆ ಬಂಡೆ ಹತ್ತಿರ ರಿವರ್ಸ್ ಹಾಕಿದೆ, ಒಂದೇ ಸಲಕ್ಕೆ ಹಿಡೀತು. ಸೆಲ್ಫೂ ಹೊಡೀತದೆ.

ಉತ್ತರ:
ಸಂತೋಷ ಆಯ್ತು ತಮ್ಮಾ. ನಾಲ್ಕೈದು ಟ್ರಿಪ್ ಆದ ಮೇಲೆ ಆ ಲಾಕ್‌ನಟ್ಟಿಗೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡು. ಬಿಗಿಯಾಗಿದ್ದರೆ ಅದರ ಮೇಲೊಂದು ಪೇಂಟಿನ ಗುರುತು ಹಾಕಿಬಿಡು, ಮುಂದಿನ ಇಂಪೆಲ್ಲರ್ ಹಾಕುವವನಿಗೆ ಎಲ್ಲಿಗೆ ನಿಲ್ಲಿಸಬೇಕು ಅಂತ ಕಾಣಲಿ.