ಬೋರ್‌ವೆಲ್ ನೀರಿನ ಬಗ್ಗೆ ಊರಲ್ಲಿ ಸಭೆ: ಜನ ಸೇರಿಸುವುದು ಹೇಗೆ?

ಪ್ರಶ್ನೆ: ನಮ್ಮದು ಮದ್ದೂರಿನ ಹತ್ತಿರದ ಹಳ್ಳಿ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಫೆಬ್ರವರಿ 28 ವಿಜ್ಞಾನ ದಿನ. 1928ರಲ್ಲಿ ರಾಮನ್ ಪರಿಣಾಮ ಪತ್ತೆಯಾದ ದಿನ ಅದು. ಈ ಸಲ ಸುಮ್ನೆ ಭಾಷಣ ಬೇಡ, ನಾವು ಕುಡಿಯುವ ಬೋರ್‌ವೆಲ್ ನೀರಿನ ಬಗ್ಗೆ ಊರವರೇ ಕೂತು ಮಾತಾಡಬೇಕು ಅಂತ ಆಸೆ. ಹೋದ ವರ್ಷ ಸಂಜೆ ಐದಕ್ಕೆ ಕರೆದಿದ್ದೆ. ಹನ್ನೊಂದು ಜನ ಬಂದರು, ಹೆಂಗಸರು ಒಬ್ಬರೂ ಇಲ್ಲ. ನೀರು ಹೊರುವವರೇ ಬರದಿದ್ದರೆ ಏನು ಚರ್ಚೆ, ಅಲ್ವಾ?

ಉತ್ತರ 1: ಮೇಡಂ, ಐದು ಗಂಟೆ ಹಾಲು ಕರೆಯುವ ಹೊತ್ತು. ಡೇರಿಗೆ ಹಾಲು ಹಾಕಿದ ಮೇಲೆ, ಅಲ್ಲೇ ಅಂಗಳದಲ್ಲಿ ಸೇರಿಸಿ. ಕಬ್ಬು ಕಡಿಯುವ ವಾರ ಮಾತ್ರ ಬೇಡ.

ಉತ್ತರ 2: ಪ್ರತಿ ಮನೆಯಿಂದ ಒಂದು ಬಾಟಲಿ ನೀರು ತರಿಸಿ. ತಮ್ಮ ಮನೆ ನೀರು ಅಂದರೆ ಬಂದೇ ಬರುತ್ತಾರೆ. ಒಂದು ಎಚ್ಚರಿಕೆ: ಟಿಡಿಎಸ್ ಮೀಟರ್ ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅಂತ ನೋಡಿ, ಕರಗಿದ ಲವಣ ಒಟ್ಟು ಎಷ್ಟು ಅಂತ ಅಂದಾಜು ಹೇಳುತ್ತದೆ, ಅಷ್ಟೇ. ಫ್ಲೋರೈಡ್, ನೈಟ್ರೇಟ್, ರೋಗಾಣು ಅದಕ್ಕೆ ಬೇರೆಯಾಗಿ ಕಾಣುವುದಿಲ್ಲ. ಲೀಟರಿಗೆ ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದು. ಗದ್ದೆಗೆ ಜಾಸ್ತಿ ಹಾಕಿದ ಯೂರಿಯಾ ನೈಟ್ರೇಟ್ ಆಗಿ ಕೆಳಗಿನ ನೀರಿಗೆ ಇಳಿಯುತ್ತದೆ. ಅದನ್ನು ಲ್ಯಾಬಿನಲ್ಲೇ ನೋಡಿಸಿ.

ಪ್ರಶ್ನೆ ಕೇಳಿದವರು: ಹಾಲಿನ ಹೊತ್ತು ನನಗೆ ಹೊಳೆದೇ ಇರಲಿಲ್ಲ ಅಣ್ಣ! ಡೇರಿ ಅಂಗಳವೇ ಸರಿ. ಬಾಟಲಿ ಮೇಲೆ ಮನೆ ಹೆಸರು ಬೇಡ, ನಂಬರ್ ಹಾಕುತ್ತೇವೆ. ಯಾರ ಬೋರ್‌ವೆಲ್ ಕೆಟ್ಟದ್ದು ಅಂತ ಜಗಳ ಆಗಬಾರದು. ನಾಳೆಯೇ ಮಕ್ಕಳ ಕೈಲಿ ಮನೆಮನೆಗೆ ಹೇಳಿ ಕಳಿಸುತ್ತೇನೆ.