ಅಪ್‌ಡೇಟ್: ಕೊಪ್ಪಳದ ನಮ್ಮ ನಿವೇಶನಕ್ಕೆ ಹಳೆಯ ನಿಯಮವೋ, ಹೊಸದೋ?

ಹಿಂದೆ ಕೇಳಿದ್ದೆ: ಕೊಪ್ಪಳದ ಅಂಚಿನಲ್ಲಿರುವ ನಿವೇಶನದಲ್ಲಿ ಮನೆ ಕಟ್ಟಲು ಹಾಕಿದ ಅರ್ಜಿ ಬಾಕಿ ಇರುವಾಗಲೇ ರಸ್ತೆ ಅಗಲದ ನಿಯಮ ಬದಲಾಯಿತು, ನಮಗೆ ಯಾವುದು ಅನ್ವಯ?

ಉತ್ತರ ಸಿಕ್ಕಿದೆ, ಕಹಿಯಾಗಿಯೇ ಇದೆ. ಸಾಮಾನ್ಯವಾಗಿ ಮಂಜೂರಾತಿ ಕೊಡುವ ದಿನದ ನಿಯಮವೇ ಲೆಕ್ಕಕ್ಕೆ ಬರುತ್ತದೆ. ವಕೀಲರು ಹೌರಾ ಪಾಲಿಕೆ ಮತ್ತು ಗ್ಯಾಂಜಸ್ ರೋಪ್ ಕಂಪನಿ ನಡುವಿನ ಸುಪ್ರೀಂ ಕೋರ್ಟ್ ತೀರ್ಪನ್ನು ಮುಂದಿಟ್ಟರು: ಅರ್ಜಿ ಹಾಕಿದ ಮಾತ್ರಕ್ಕೆ ಹಳೆಯ ನಿಯಮದ ಮೇಲೆ ಹಕ್ಕು ಹುಟ್ಟುವುದಿಲ್ಲ. ಕಡತ ಮೇಜಿನ ಮೇಲೆ ಮಲಗಿದ್ದಕ್ಕೆ ಶಿಕ್ಷೆ ನಮಗೆ! ಇದು ನ್ಯಾಯವೆಂದು ನನಗಿನ್ನೂ ಅನ್ನಿಸಿಲ್ಲ.

'ಭೂ ಪರಿವರ್ತನೆ ಆಗಿದೆಯಲ್ಲ, ಇನ್ನೇನು ಭಯ?' ಎಂದು ಕೆಲವರು ಕೇಳಿದ್ದಿರಿ. ಭೂಕಂದಾಯ ಕಾಯ್ದೆಯ 95ನೇ ಕಲಮಿನ ಆದೇಶ ಕೃಷಿ ಜಮೀನನ್ನು ಬೇರೆ ಬಳಕೆಗೆ ಬಿಡುತ್ತದೆ, ಅಷ್ಟೇ. ಕಟ್ಟಡದ ಅನುಮತಿ ಬೇರೆಯೇ.

ಎಂಜಿನಿಯರ್ ನಕ್ಷೆಯ ಮೇಲೆ ಕೆಂಪು ಪೆನ್ನಿನಿಂದ ಹೊಸ ಗೆರೆ ಎಳೆದರು. ಅದು ನೇರವಾಗಿ ಅವ್ವನ ಜಗಲಿಯನ್ನು ಸೀಳಿಕೊಂಡು ಹೋಯಿತು. 'ಹಿಂದಕ್ಕೆ ಸರಿಸಿ, ಕೈಬಿಡಬೇಡಿ' ಎಂದಳು ಅವ್ವ. ಹಿತ್ತಲು ಕಿರಿದಾಯಿತು, ಜಗಲಿ ಉಳಿಯಿತು.

ತಿದ್ದಿದ ನಕ್ಷೆಯನ್ನು ಹೊಸ ಅರ್ಜಿಯಾಗಿಸದೆ ಹಳೆಯ ಕಡತಕ್ಕೇ ಸೇರಿಸಿ, ಸ್ವೀಕೃತಿ ಪಡೆದಿದ್ದೇವೆ. ಹಳೆಯ ರಸೀದಿಯನ್ನೂ ಎಸೆದಿಲ್ಲ. ವಿಳಂಬ ಯಾರದೆಂದು ಮುಂದೆ ತೋರಿಸಬೇಕಾದರೆ ಅದೇ ಸಾಕ್ಷಿ. ಮಂಜೂರಾತಿ ಕೈಸೇರುವವರೆಗೆ ಪಾಯ ತೋಡುವುದಿಲ್ಲ, ಮೇಸ್ತ್ರಿ ಎಷ್ಟೇ ಅವಸರ ಮಾಡಲಿ.