ಮಗುಚದ ಗಾಡಿ, ಮಗುಚಿದ ಜೀಪು

ನಮ್ಮ ‘ಹೊಸಮನೆ ಕುಟುಂಬ’ ಗುಂಪಿಗೆ ನಾನು ಅಡ್ಮಿನ್. ಹೆಸರಿಗಷ್ಟೇ. ಮೊನ್ನೆ ಭಾನುವಾರ ಅಲ್ಲಿ ನಡೆದದ್ದನ್ನು ಗುಡ್ ಮಾರ್ನಿಂಗ್ ಹೂವುಗಳನ್ನು ತೆಗೆದು ಇಲ್ಲಿ ಹಾಕುತ್ತಿದ್ದೇನೆ. ಹೆಸರುಗಳನ್ನು ಬದಲಿಸಿದ್ದೇನೆ, ಜಗಳವನ್ನಲ್ಲ.

ಶ್ರೀಪಾದ ಚಿಕ್ಕಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) ನಿಮಗೆ ಗೊತ್ತೇ?? 1954ರಲ್ಲೇ ಅಮೆರಿಕದ ವಿಜ್ಞಾನಿಯೊಬ್ಬರು *ಎಂದೂ ಮಗುಚದ ಗಾಡಿ* ಕಂಡುಹಿಡಿದಿದ್ದರು! ಕೆಸರು, ಮರಳು, ನದಿ ಎಲ್ಲ ಕಡೆ ಓಡುತ್ತಿತ್ತು! ಹನಿ ಪೆಟ್ರೋಲ್ ಬೇಕಿರಲಿಲ್ಲ! ದೊಡ್ಡ ಕಂಪನಿಗಳು ಸೇರಿ ಆ ಗಾಡಿಯನ್ನು ನಾಶ ಮಾಡಿದವು. ವಿಜ್ಞಾನಿ ಕಡು ಬಡತನದಲ್ಲಿ ಸತ್ತರು. ಯಾವ ಟಿವಿಯೂ ಇದನ್ನು ತೋರಿಸುವುದಿಲ್ಲ. ಕನಿಷ್ಠ 10 ಜನರಿಗೆ ಕಳಿಸಿ 🙏

ಜೊತೆಗೊಂದು ಕಪ್ಪು-ಬಿಳುಪು ಫೋಟೊ. ಮುಂದೆ ಆಳೆತ್ತರದ ಎರಡು ಚಕ್ರ, ಕಡಾಯಿ ಮಗ್ಗುಲಾಗಿ ನಿಲ್ಲಿಸಿದ ಹಾಗೆ. ಹಿಂದೆ ಅಂಥದೇ ಎರಡು ಚಿಕ್ಕವು. ನಡುವೆ ದೋಣಿಯಂಥ ಒಡಲು.

ಗುರು: ಬೆಂಗಳೂರಿಗೆ ಇದೇ ಬೇಕಿತ್ತು. ಮಳೆ ಬಂದ ದಿನ ಸಿಲ್ಕ್ ಬೋರ್ಡ್ ದಾಟೋಕೆ 😂

ಸುಮತ್ತೆ: ಪಾಪ ವಿಜ್ಞಾನಿ.

ದೊಡ್ಡಪ್ಪ: ಒಳ್ಳೆಯವರಿಗೆ ಈ ಲೋಕದಲ್ಲಿ ಕಾಲವಿಲ್ಲ. ದುಡ್ಡೇ ದೊಡ್ಡಪ್ಪ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಮಕ್ಕಳು ಇದನ್ನು ಓದಿ ತಿಳಿದುಕೊಳ್ಳಬೇಕು.

ಪ್ರಸನ್ನ (ಮಸ್ಕತ್): ದೊಡ್ಡಪ್ಪನೇ ದುಡ್ಡೇ ದೊಡ್ಡಪ್ಪ ಅಂದ್ರೆ ಹೇಗೆ 😂

ರಶ್ಮಿ: ಚಿಕ್ಕಪ್ಪ, ಇದು ಎಲ್ಲಿ ಸಿಕ್ತು? ಮೂಲ ಯಾವುದು?

ರಶ್ಮಿ ಪುಣೆಯಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಕಡೆ ಎಂಜಿನಿಯರು. ‘ಮೂಲ ಯಾವುದು’ ಎಂಬ ಪ್ರಶ್ನೆಯನ್ನು ಅವಳು ಹುಟ್ಟಿದಾಗಿನಿಂದ ಕೇಳುತ್ತಿದ್ದಾಳೆ ಎಂದು ಮನೆಯಲ್ಲಿ ಎಲ್ಲರ ಅಭಿಪ್ರಾಯ.

ಶ್ರೀಪಾದ ಚಿಕ್ಕಪ್ಪ: ಬಂದದ್ದು ಬಂದ ಹಾಗೆ ಕಳಿಸಿದೀನಿ ತಾಯಿ. ನಮ್ಮ ವಾಕಿಂಗ್ ಗುಂಪಲ್ಲಿ ಬಂತು. ಅಲ್ಲಿ ರಿಟೈರ್ಡ್ ಪ್ರೊಫೆಸರ್‌ಗಳೆಲ್ಲ ಇದಾರೆ.

ರಶ್ಮಿ: ಗಾಡಿ ನಿಜ. ಹೆಸರು ರೈನೊ. ಮಾಡಿದವನು ಏಲಿ ಆಗ್ನಿಡೀಸ್, ಗ್ರೀಕ್ ಮೂಲದ ಅಮೆರಿಕನ್. ಕಟ್ಟಿಕೊಟ್ಟಿದ್ದು ಇಂಡಿಯಾನಾಪೊಲಿಸ್‌ನ ಮಾರ್ಮನ್-ಹೆರಿಂಗ್ಟನ್ ಕಂಪನಿ. 5 ಟನ್ ತೂಕ. 110 ಅಶ್ವಶಕ್ತಿಯ ಎಂಜಿನ್ ಇತ್ತು. ಅಂದ್ಮೇಲೆ ಇಂಧನ ಬೇಕೇ ಬೇಕು. ರಸ್ತೆ ಮೇಲೆ ಗಂಟೆಗೆ ಸುಮಾರು 70 ಕಿ.ಮೀ., ನೀರಲ್ಲಿ 6-7 ಕಿ.ಮೀ. ಕಂಪನಿಗಳು ನಾಶ ಮಾಡಿದ್ದು ಅನ್ನೋದೆಲ್ಲ ಕಟ್ಟುಕಥೆ. ಅಮೆರಿಕದ ಸೇನೆಗೆ ತೋರಿಸಿದ್ರು, ಅವರು ಕೊಳ್ಳಲಿಲ್ಲ. ಕೊಳ್ಳೋರಿಲ್ಲದ ಗಾಡಿನ ಯಾರು ತಯಾರಿಸ್ತಾರೆ?

ಶ್ರೀಪಾದ ಚಿಕ್ಕಪ್ಪ: ಗಾಡಿ ನಿಜ ಅಂತ ನೀನೇ ಒಪ್ಕೊಂಡೆಯಲ್ಲ.

ರಶ್ಮಿ: ಫೋಟೊ ನಿಜ ಅಂದೆ. ಬರೆದಿದ್ದರಲ್ಲಿ ಅರ್ಧ ಸುಳ್ಳು.

ಶ್ರೀಪಾದ ಚಿಕ್ಕಪ್ಪ: ನಾನು ಏನು ಕಳಿಸಿದ್ರೂ ಇವಳಿಗೆ ಸುಳ್ಳೇ.

ಗುರು: 2000 ರೂಪಾಯಿ ನೋಟಲ್ಲಿ ಚಿಪ್ ಇದೆ ಅಂತ ಕಳಿಸಿದ್ದು ಯಾರು ಚಿಕ್ಕಪ್ಪ?

ಶ್ರೀಪಾದ ಚಿಕ್ಕಪ್ಪ: ಅದನ್ನ ಟಿವಿಯವರೇ ತೋರಿಸಿದ್ರು!

ಪ್ರಸನ್ನ (ಮಸ್ಕತ್): ಯಾವ ಟಿವಿಯೂ ತೋರಿಸಲ್ಲ ಅಂತ ಈಗಷ್ಟೇ ಕಳಿಸಿದ್ರಿ 😂😂

ದೊಡ್ಡಪ್ಪ: ರಶ್ಮಿ, ಹಿರಿಯರ ಜೊತೆ ವಾದ ಮಾಡುವಾಗ ಮಾತಿನಲ್ಲಿ ವಿನಯ ಇರಬೇಕು. ವಿದ್ಯೆಗೆ ವಿನಯವೇ ಭೂಷಣ.

ರಶ್ಮಿ: ದೊಡ್ಡಪ್ಪ, ನಾನು ಏನು ಅವಿನಯ ಮಾಡಿದೆ? ಆ ಮನುಷ್ಯ ಬಡತನದಲ್ಲಿ ಸಾಯೋದಿರಲಿ, ಅವನಿಗೆ ಬೇರೆ ಕಡೆಯಿಂದ ಚೆನ್ನಾಗಿ ದುಡ್ಡು ಬಂದಿತ್ತು. ನಲ್ಲಿ ತುದಿಯಲ್ಲಿ ಜಾಲರಿ ಇರುತ್ತಲ್ಲ, ಗಾಳಿ ಬೆರೆಸಿ ನೀರನ್ನ ಮೆತ್ತಗೆ ಬಿಡುತ್ತಲ್ಲ, ಆ ಏರೇಟರ್ ಅವನದ್ದೇ. ನಿಮ್ಮೆಲ್ಲರ ಅಡುಗೆಮನೆಯಲ್ಲೂ ಇದೆ.

ಇದಕ್ಕೆ ಯಾರೂ ಉತ್ತರ ಕೊಡಲಿಲ್ಲ. ನನಗಂತೂ ಇಡೀ ಚರ್ಚೆಯಲ್ಲಿ ಸ್ವಾರಸ್ಯದ ಮಾತು ಇದೇ ಅನ್ನಿಸಿತು. ಅಷ್ಟರಲ್ಲಿ ಗುರು ವಾಯ್ಸ್ ನೋಟ್ ಹಾಕಿದ. ನಾಲ್ಕು ನಿಮಿಷ. ಯಾರೂ ಪೂರ್ತಿ ಕೇಳುವುದಿಲ್ಲವೆಂದು ಗೊತ್ತಿದ್ದು ತಾನೇ ಬರೆದೂ ಹಾಕಿದ.

ಗುರು: ಈ ಫೋಟೊ ನೋಡಿದ್ರೆ ಅಜ್ಜಯ್ಯನ ಜೀಪೇ ನೆನಪಾಗುತ್ತೆ. ಮಳೆಗಾಲದಲ್ಲಿ ಹಿಂದಿನ ಚಕ್ರಕ್ಕೆ ಸರಪಳಿ ಸುತ್ತಿ, ಏರಿನಲ್ಲಿ ಹೂತುಕೊಂಡರೆ ನಾವೆಲ್ಲ ಇಳಿದು ಅಡಿಕೆ ದಬ್ಬೆ ತಂದು ಚಕ್ರದಡಿಗೆ ಕೊಡೋದು. ಅಜ್ಜಯ್ಯ ಒಳಗಿಂದ ‘ಸರೀರೋ ಹಿಂದೆ’ ಅಂತ ಕೂಗೋದು, ಸರಿಯೋ ಮುಂಚೆನೇ ಮುಖಕ್ಕೆ ಕೆಸರು. ದಬ್ಬೆ ಸೀಳಿಹೋಗಿ ಬಂದೂಕಿನ ಗುಂಡಿನ ಹಾಗೆ ಹಿಂದಕ್ಕೆ ಹಾರೋದು.

ಸುಮತ್ತೆ: ನಿಮಗೆಲ್ಲ ಮೋಜು. ನನ್ನ ಮಾತ್ರ ಯಾವಾಗ್ಲೂ ಹಿಂದೆ ಮೂಟೆ ಮೇಲೆ ಕೂರಿಸ್ತಿದ್ರು. ಮುಂದಿನ ಸೀಟು ಗಂಡುಮಕ್ಕಳಿಗೆ.

ದೊಡ್ಡಪ್ಪ: ಸುಮಾ, ಆಗ ನೀನು ಚಿಕ್ಕವಳು.

ಸುಮತ್ತೆ: ಶ್ರೀಪಾದ ನನಗಿಂತ ಎರಡು ವರ್ಷ ಚಿಕ್ಕವನು ಅಣ್ಣಯ್ಯ.

ಪ್ರಸನ್ನ (ಮಸ್ಕತ್): ಆ ಜೀಪು ಏನಾಯ್ತು ಕೊನೆಗೆ?

ಪ್ರಸನ್ನನಿಗೆ ಗೊತ್ತಿಲ್ಲದೆ ಏನಿಲ್ಲ. ಬೇಕಂತಲೇ ಕೇಳಿದ.

ಗುರು: ಚಿಕ್ಕಪ್ಪ ಕೆರೆ ಏರಿ ಮೇಲೆ ಮಗುಚಿದ್ರಲ್ಲ.

ಶ್ರೀಪಾದ ಚಿಕ್ಕಪ್ಪ: ನಾನು ಮಗುಚಲಿಲ್ಲ. ಅದೇ ಮಗುಚಿತು. ನಾನು ಅವತ್ತಿಂದ ಹೇಳ್ತಾ ಬಂದಿದೀನಿ, ಗಾಡಿಯ ಕಟ್ಟೋಣದಲ್ಲೇ ದೋಷ ಇತ್ತು ಅಂತ. ಈಗ ನೋಡಿ, ಮಗುಚದ ಗಾಡಿ ಮಾಡಬಹುದಿತ್ತು ಅಂತ 1954ರಲ್ಲೇ ಸಾಬೀತಾಗಿದೆ. ಅದಕ್ಕೇ ಕಳಿಸಿದ್ದು.

ಇಷ್ಟು ಹೊತ್ತಿಗೆ ನಮಗೆಲ್ಲ ಅರ್ಥವಾಯಿತು, ಫಾರ್ವರ್ಡ್ ಯಾಕೆ ಬಂತು ಅಂತ.

ದೊಡ್ಡಪ್ಪ: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಶ್ರೀಪಾದ ಚಿಕ್ಕಪ್ಪ: ಅಣ್ಣಯ್ಯ, ಗಾದೆ ಬೇಡ. ರಶ್ಮಿನೇ ಹೇಳಲಿ. ಎಂಜಿನಿಯರು ಅವಳು. ಆ ರೈನೊ ಯಾಕೆ ಮಗುಚುತ್ತಿರಲಿಲ್ಲ?

ರಶ್ಮಿ: ಯಾವತ್ತೂ ಮಗುಚಲ್ಲ ಅಂತಲ್ಲ. 75 ಡಿಗ್ರಿ ವಾಲಿದ್ರೂ ಮಗುಚಲ್ಲ ಅಂತ ಅವರ ಹೇಳಿಕೆ. ಭಾರ ಎಲ್ಲ ಕೆಳಗೆ, ಚಕ್ರಗಳ ಮಟ್ಟದಲ್ಲೇ ಇತ್ತು. ಚಕ್ರದ ಹೊರಮೈ ಅರ್ಧಗೋಳ ಆದ್ದರಿಂದ ಗಾಡಿ ವಾಲಿದಾಗ ಅದರ ಉಬ್ಬು ಪಕ್ಕವೇ ನೆಲಕ್ಕೆ ತಾಗಿ ಆನಿಸಿಕೊಳ್ಳುತ್ತೆ. ಗಟ್ಟಿ ರಸ್ತೆಯಲ್ಲಿ ಚಕ್ರದ ಅಂಚಿನ ರಬ್ಬರ್ ಪಟ್ಟಿ ಮಾತ್ರ ನೆಲ ಮುಟ್ಟೋದು. ಕೆಸರಲ್ಲಿ ಹೂತಷ್ಟೂ ಉಬ್ಬು ಮೈ ನೆಲಕ್ಕೆ ಸಿಕ್ಕಿ ಹಿಡಿತ ಹೆಚ್ಚುತ್ತೆ. ಒಳಗೆ ಟೊಳ್ಳು, ಅದಕ್ಕೇ ನೀರಲ್ಲಿ ತೇಲೋದು. ತೇಲುವಾಗ ಹಿಂದಿನಿಂದ ನೀರು ಚಿಮ್ಮಿಸಿ ಮುಂದೆ ಹೋಗೋದು. ನಮ್ಮ ಜೀಪು ಅಗಲ ಕಮ್ಮಿ, ಎತ್ತರ ಜಾಸ್ತಿ. ಅಂಥ ಗಾಡಿ ಓರೆ ನೆಲದಲ್ಲಿ ಬೇಗ ವಾಲೋದು ನಿಜ.

ಶ್ರೀಪಾದ ಚಿಕ್ಕಪ್ಪ: ಆಹಾ! ಎಲ್ಲರೂ ಓದಿ. ‘ಅಂಥ ಗಾಡಿ ಓರೆ ನೆಲದಲ್ಲಿ ಬೇಗ ವಾಲೋದು ನಿಜ.’ ಪುಣೆಯ ಎಂಜಿನಿಯರ್ ಹೇಳಿದ್ದು 🙏🙏

ರಶ್ಮಿ: ಚಿಕ್ಕಪ್ಪ, ಪೂರ್ತಿ ಓದಿ.

ಶ್ರೀಪಾದ ಚಿಕ್ಕಪ್ಪ: ಓದಿದೆ ತಾಯಿ. ಮೂಲ ಕೇಳ್ತಿದ್ದೆಯಲ್ಲ, ನೀನೇ ಮೂಲ.

ದೊಡ್ಡಪ್ಪ: ಅದಿರಲಿ. ಅವತ್ತು ಎಂಟು ಮೂಟೆ ಅಡಿಕೆಯನ್ನು ಟಾಪಿನ ಕಂಬಿಯ ಮೇಲೆ ಕಟ್ಟಿದ್ದು ಯಾರು? ಅದೂ ಗಾಡಿಯ ದೋಷವೋ? ಹಾಳಾದ ಜೀಪನ್ನು ಸಿಕ್ಕ ಬೆಲೆಗೆ ನಾನು ಮಾರಬೇಕಾಯಿತು. ಆಮೇಲೆ ಊರೆಲ್ಲ ‘ದೊಡ್ಡ ಮಗ ಜೀಪು ಮಾರಿದ’ ಎಂದು ಆಡಿಕೊಂಡರು. ಮಗುಚಿದವನ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ನಡುವೆ ರಶ್ಮಿ ಇನ್ನೊಂದು ಸಂಗತಿ ಹಾಕಿದ್ದಳು. ರೈನೊ ಕಟ್ಟಿದ ಕಂಪನಿಯ ಹೆರಿಂಗ್ಟನ್ 1942ರಲ್ಲಿ ಹೆನ್ರಿ ಗ್ರೇಡಿ ಎಂಬವರ ನೇತೃತ್ವದ ಅಮೆರಿಕನ್ ತಾಂತ್ರಿಕ ತಂಡದೊಂದಿಗೆ ಭಾರತಕ್ಕೇ ಬಂದಿದ್ದ. ಫೋರ್ಡ್ ಲಾರಿಗಳಿಗೆ ನಾಲ್ಕೂ ಚಕ್ರದ ಎಳೆತ ಕೂಡಿಸಿ ಹೆಸರು ಮಾಡಿದ್ದೂ ಆ ಕಂಪನಿಯವರೇ ಅಂತ. ಇಂಥ ಮಾತಿಗೆ ಒಂದು ಹೆಬ್ಬೆಟ್ಟಾದರೂ ಬೀಳಬೇಕಿತ್ತು. ಬೀಳಲಿಲ್ಲ. ಎಲ್ಲರ ಕಣ್ಣೂ ದೊಡ್ಡಪ್ಪನ ಮೆಸೇಜಿನ ಮೇಲಿತ್ತು.

ಚಿಕ್ಕಪ್ಪ ‘ಟೈಪಿಂಗ್’ ಎಂದು ತೋರಿಸುತ್ತಲೇ ಇತ್ತು. ನಿಂತಿತು. ಮತ್ತೆ ಶುರುವಾಯಿತು.

ಶ್ರೀಪಾದ ಚಿಕ್ಕಪ್ಪ: ಮೂಟೆ ಕಟ್ಟು ಅಂದಿದ್ದು ಅಪ್ಪಯ್ಯ. ಎರಡು ಸಲ ಹೋಗೋದು ಡೀಸೆಲ್ ದಂಡ ಅಂತ. ಇಷ್ಟು ವರ್ಷ ನಾನು ಅಪ್ಪಯ್ಯನ ಹೆಸರು ಹೇಳಿಲ್ಲ.

ದೊಡ್ಡಪ್ಪ: ಇದು ನನಗೆ ಗೊತ್ತಿರಲಿಲ್ಲ.

ಶ್ರೀಪಾದ ಚಿಕ್ಕಪ್ಪ: ನೀವು ಕೇಳಲೂ ಇಲ್ಲ.

ಪ್ರಸನ್ನ (ಮಸ್ಕತ್): (ಈ ಸಂದೇಶವನ್ನು ಅಳಿಸಲಾಗಿದೆ)

ಸುಮತ್ತೆ: ಮೂಟೆ ಮೇಲೆ ಅವತ್ತೂ ನನ್ನ ಕೂರಿಸಬೇಕು ಅಂತಿದ್ರು. ಜ್ವರ ಇತ್ತು ಅಂತ ಉಳಿದೆ. ಅದನ್ನ ಯಾರೂ ಹೇಳಲ್ಲ.

ಸುಮತ್ತೆ: ರಶ್ಮಿ, ಆಗಲೇ ನಲ್ಲಿ ಜಾಲರಿ ಅಂದೆಯಲ್ಲ. ನಮ್ಮನೆ ಸಿಂಕಿನ ನಲ್ಲಿಯಲ್ಲಿ ನೀರು ದಾರದ ಹಾಗೆ ಬರ್ತಿದೆ, ಅಡ್ಡಡ್ಡ ಚಿಮ್ಮುತ್ತೆ. ಪ್ಲಂಬರ್ ಇಡೀ ನಲ್ಲಿನೇ ಬದಲಾಯಿಸಬೇಕು ಅಂತಾನೆ.

ರಶ್ಮಿ: ಬೋರ್‌ವೆಲ್ ನೀರಲ್ವಾ ಅತ್ತೆ, ಉಪ್ಪು ಕಟ್ಟಿರುತ್ತೆ. ತುದಿಯ ಬಿಲ್ಲೆನ ಬಟ್ಟೆ ಸುತ್ತಿ ಹಿಡಿದು ತಿರುಗಿಸಿ, ಕಳಚಿ ಬರುತ್ತೆ. ಜಾಲರಿನ ಒಂದು ಲೋಟ ವಿನೆಗರ್‌ನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಹಳೇ ಟೂತ್‌ಬ್ರಶ್‌ನಲ್ಲಿ ಉಜ್ಜಿ. ಒಳಗಿನ ವಾಷರ್ ಕಳೀಬೇಡಿ.

ಮರುದಿನ ಬೆಳಿಗ್ಗೆ ಏಳೂವರೆಗೆ:

ಸುಮತ್ತೆ: ಸರಿಹೋಯ್ತು ಕಣೆ. ಧಾರೆ ಚೆನ್ನಾಗಿ ಬರ್ತಿದೆ. ಯಾರು ಮಾಡಿದ್ದು ಅಂದೆ ಅದನ್ನ?

ರಶ್ಮಿ: ಏಲಿ ಆಗ್ನಿಡೀಸ್. ಆ ಗಾಡಿಯವನೇ.

ಸುಮತ್ತೆ: ಯಾವ ಗಾಡಿ?